ಗಡಿಯಲ್ಲಿರುವ ಗೆಳೆಯನಿಗೆ ಊರಿಂದ ಕಾಗದ, ಪಾರ್ಸೆಲ್ ಕಳಿಸೂದು ಹೇಗೆ? ಫೋನ್ ಬಂದ್ ಆದ್ರೆ ಎಂತ ಮಾಡೂದು?

ಬೇಲೆಕೇರಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಂಕೋಲಾ ಕಡೆಯ ನಮ್ಮ ಗೆಳೆಯರ ಬಳಗದ ಒಬ್ಬ ಸೇನೆಯಲ್ಲಿದ್ದಾನೆ, ಈಗ ಮುಂಚೂಣಿಗೆ ಹೋಗಿದ್ದಾನೆ. [ತಿದ್ದಿದ್ದೇನೆ: ಜಾಗದ ಹೆಸರು, ಬೆಟಾಲಿಯನ್ ನಂಬರ್ ಬರೆದಿದ್ದೆ. ಕೆಳಗೆ ಹೇಳಿದ ಮೇಲೆ ತೆಗೆದೆ.] ಗಡಿ ಬಿಸಿಯಾದರೆ ಫೋನ್ ಇರುವುದಿಲ್ಲ, ಕಾಗದ ಬರೀರಿ ಅಂದಿದ್ದಾನೆ. ನಾವು ಹದಿನಾಲ್ಕು ಜನ, ಕಾಗದ ಬರೆದು ಅಭ್ಯಾಸ ಇರುವವರು ಒಬ್ಬರೂ ಇಲ್ಲ.

ವಿಳಾಸ ಹೇಗೆ ಬರೆಯಬೇಕು? ಅಂಚೆಯಲ್ಲಿ ಯಾವುದರಲ್ಲಿ ಹಾಕಬೇಕು? ತಿಂಡಿ ಕಳಿಸಬಹುದಾ? ಏನು ಬರೆಯಬಾರದು? ತಿಳಿದವರು ಸರಿಯಾಗಿ ಹೇಳಿ.

ಹಳೇ ಕಂದೀಲು

ಮೊದಲು ಆ ಜಾಗದ ಹೆಸರು ಅಳಿಸು ತಮ್ಮಾ. ಬೆಟಾಲಿಯನ್ ನಂಬರನ್ನೂ. ಉಳಿದದ್ದು ಆಮೇಲೆ ಮಾತಾಡುವಾ.

ಬೇಲೆಕೇರಿ ದಂಡೆ

ಅಳಿಸಿದೆ ಅಣ್ಣಾ. ಗೊತ್ತಿರಲಿಲ್ಲ.

ಟಪಾಲು ಚೀಲ

ವಿಳಾಸದಿಂದಲೇ ಶುರು ಮಾಡೋಣ, ಹೆಚ್ಚಿನ ಕಾಗದ ತಪ್ಪಿಹೋಗುವುದು ಅಲ್ಲೇ.

ಸೇನೆಯ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ಬರೆಯಬೇಕಾದದ್ದು ಹೀಗೆ: ಮೊದಲ ಸಾಲಿನಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು. ಎರಡನೇ ಸಾಲಿನಲ್ಲಿ ಕಂಪನಿ, ಅದರ ಕೆಳಗೆ ಯೂನಿಟ್. ಆಮೇಲೆ 9ರಿಂದ ಶುರುವಾಗುವ ಆರಂಕಿಯ ಪಿನ್. ಕೊನೆಗೆ ಕೇರ್ ಆಫ್ 56 ಎಪಿಒ ಅಥವಾ ಕೇರ್ ಆಫ್ 99 ಎಪಿಒ (ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ). ಅಷ್ಟೇ. 56 ಅಂದರೆ ದೆಹಲಿಯ ಬೇಸ್ ಅಂಚೆ ಕಚೇರಿಯ ಮೂಲಕ ಹೋಗುವುದು, 99 ಅಂದರೆ ಕೋಲ್ಕತಾ ಮೂಲಕ. ನಮ್ಮ ಕಡೆ 581ರಿಂದ ಶುರುವಾಗುವ ಪಿನ್ ಒಂದು ಊರಿನ ಅಂಚೆ ಕಚೇರಿಯದ್ದು. ಸೇನೆಯ ಪಿನ್ ಹಾಗಲ್ಲ, ಅದು ಯೂನಿಟ್‌ಗೆ ಕೊಟ್ಟದ್ದು. ಯೂನಿಟ್ ಎಲ್ಲಿಗೆ ಹೋದರೂ ಕಾಗದ ಅದರ ಹಿಂದೆ ಹೋಗುತ್ತದೆ. ಹಾಗಾಗಿ ಆರರಲ್ಲಿ ಒಂದು ಅಂಕಿ ತಪ್ಪಿದರೂ ಕಾಗದ ಬೇರೆಯೇ ಯೂನಿಟ್‌ಗೆ ಹೋಗಿ ತಿರುಗಿ ಬರಬೇಕು.

"ಬೇಗ ಮುಟ್ಟಲಿ" ಅಂತ ಕೊನೆಗೆ ಲೇಹ್, ಕುಪ್ವಾರಾ, ತವಾಂಗ್ ಅಂತ ಸೇರಿಸುವವರಿದ್ದಾರೆ. ಸೇರಿಸಬೇಡಿ. ಊರಿನ ಹೆಸರು ಕಂಡರೆ ವಿಂಗಡಿಸುವವರು ಅದನ್ನು ನಾಗರಿಕ ಅಂಚೆಯ ಚೀಲಕ್ಕೆ ಹಾಕುವ ಸಂಭವ ಹೆಚ್ಚು. ಅಲ್ಲಿಂದ ಅದು ಮತ್ತೆ ಸೇನೆಯ ಅಂಚೆಗೆ ಬರಬೇಕು. ಅದಲ್ಲದೆ ಯಾವ ಯೂನಿಟ್ ಎಲ್ಲಿದೆ ಎಂದು ಲಕೋಟೆಯ ಮೇಲೆ ಬರೆದು ಊರೆಲ್ಲ ಸುತ್ತಿಸಿದ ಹಾಗಾಗುತ್ತದೆ.

ವಿಳಾಸ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇಲ್ಲವೇ ಹಿಂದಿಯಲ್ಲಿ ಇರಲಿ. ದೆಹಲಿಯಲ್ಲಿ ಕನ್ನಡ ಓದುವವರು ಸಿಗುವುದು ಕಷ್ಟ. ಒಳಗೆ ಕನ್ನಡವೋ ಕೊಂಕಣಿಯೋ ನಿಮ್ಮಿಷ್ಟ. ಎಡಗಡೆ ಕೆಳಗೆ ನಿಮ್ಮ ವಿಳಾಸ ಪಿನ್ ಸಮೇತ ಬರೆಯಿರಿ. ಅಂಕೋಲಾ 581314.

ಗಂಗಾವಳಿ

ನೌಕಾಪಡೆಯವರಿಗೂ ಇದೇನಾ? ನಮ್ಮ ಕಡೆ ನೇವಿ ಹುಡುಗರೇ ಜಾಸ್ತಿ.

ಟಪಾಲು ಚೀಲ

ಅಲ್ಲ. ಹಡಗಿನಲ್ಲಿರುವವರಿಗೆ ಸಂಖ್ಯೆ, ಹುದ್ದೆ, ಹೆಸರು, ಹಡಗಿನ ಹೆಸರು ಬರೆದು ಕೇರ್ ಆಫ್ ಫ್ಲೀಟ್ ಮೇಲ್ ಆಫೀಸ್, ಮುಂಬೈ ಎಂದು ಹಾಕಬೇಕು. ಕೊಚ್ಚಿ, ವಿಶಾಖಪಟ್ಟಣದಲ್ಲೂ ಫ್ಲೀಟ್ ಮೇಲ್ ಆಫೀಸ್ ಇವೆ. ಯಾವುದೆಂದು ಅವರನ್ನೇ ಕೇಳಿ. ಹಡಗು ಸಮುದ್ರದಲ್ಲಿದ್ದಾಗ ಕಾಗದ ಅಲ್ಲೇ ಒಟ್ಟಾಗಿ, ಬಂದರು ಮುಟ್ಟಿದಾಗ ಒಂದೇ ಸಲ ಕೈಸೇರುತ್ತದೆ. ತಿಂಗಳ ಮೌನ ನೇವಿಯಲ್ಲಿ ಸಾಮಾನ್ಯ, ಗಾಬರಿ ಬೇಡ.

ಕುಮಟೆ ಕಂಬಿ

ಈ ಕಾಲದಲ್ಲಿ ಕಾಗದ ಯಾಕೆ ಮಾರಾಯ್ರೆ? ಸಿಯಾಚಿನ್‌ನಲ್ಲೇ ಮೊಬೈಲ್ ಟವರ್ ಬಂದಾಯ್ತು. 2025ರ ಜನವರಿಯಲ್ಲಿ ಸೇನಾ ದಿನದ ಹೊತ್ತಿಗೆ ಜಿಯೋ ಅಲ್ಲಿ 4ಜಿ, 5ಜಿ ಶುರು ಮಾಡಿತು. ವಿಡಿಯೋ ಕಾಲ್ ಮಾಡಿದರೆ ಮುಗೀತಲ್ಲ.

ಹಳೇ ಕಂದೀಲು

ಟವರ್ ಇರೂದು ಬೇರೆ, ಅದನ್ನು ಬಳಸಲು ಬಿಡೂದು ಬೇರೆ. ಕಾರ್ಯಾಚರಣೆ ಶುರುವಾದರೆ ಮೊದಲು ಬಂದ್ ಆಗೂದೇ ಸ್ವಂತ ಮೊಬೈಲ್. ಫೋನ್ ಹಚ್ಚಿಟ್ಟರೆ ಅದರ ರೇಡಿಯೋ ಸಂಕೇತವನ್ನು ಎದುರಿನವರೂ ಹಿಡಿಯಬಹುದು, ಒಂದೇ ಗುಡ್ಡದ ಮೇಲೆ ಮೂವತ್ತು ಫೋನ್ ಇದ್ದರೆ ಅಲ್ಲಿ ಎಷ್ಟು ಜನ ಅಂತ ಲೆಕ್ಕ ಸಿಕ್ಕ ಹಾಗೆ. ಹುಡುಗ ಸರಿಯಾಗಿಯೇ ಹೇಳಿದ್ದಾನೆ.

ಕುಮಟೆ ಕಂಬಿ

ಒಪ್ಪಿದೆ. ಹಾಗಾದರೆ ಫೋನಿನ ಬಗ್ಗೆ ನನಗೆ ತಿಳಿದದ್ದು ಬರೆಯುತ್ತೇನೆ, ಉಪಯೋಗಕ್ಕೆ ಬಂದೀತು.

ಸಿಮ್: ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ನಡೆಯುವುದಿಲ್ಲ. ಇಲ್ಲಿಂದ ಒಯ್ಯುವುದಾದರೆ ಪೋಸ್ಟ್‌ಪೇಯ್ಡ್ ಬೇಕು. ರಜೆ ಮುಗಿಸಿ ಹೊರಡುವ ಮೊದಲೇ ಬದಲಾಯಿಸಿಕೊಳ್ಳಬೇಕು, ಜಮ್ಮು ಮುಟ್ಟಿದ ಮೇಲೆ ಇಲ್ಲಿಯ ಪ್ರಿಪೇಯ್ಡ್‌ಗೆ ನೀವು ರೀಚಾರ್ಜ್ ಮಾಡಿ ಪ್ರಯೋಜನ ಇಲ್ಲ. "ಸ್ವಿಚ್ ಆಫ್ ಬರ್ತಾ ಇದೆ" ಅಂತ ಮನೆಯವರು ಗಾಬರಿಯಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಉಪಗ್ರಹ ಫೋನ್: ದೂರದ ಚೌಕಿಗಳಲ್ಲಿ ಬಿಎಸ್‌ಎನ್‌ಎಲ್‌ನ ಡಿಎಸ್‌ಪಿಟಿ ಎಂಬ ಉಪಗ್ರಹ ಫೋನ್ ಇರುತ್ತದೆ. 2017ರ ದೀಪಾವಳಿಗೆ ಸೈನಿಕರಿಗೆ ಅದರ ದರವನ್ನು ನಿಮಿಷಕ್ಕೆ 5 ರೂಪಾಯಿಯಿಂದ 1 ರೂಪಾಯಿಗೆ ಇಳಿಸಿದರು. ಇದರಲ್ಲಿ ಮಾತಾಡಲು ಒಂದು ಪದ್ಧತಿ ಬೇಕು. ನಿಮ್ಮ ಮಾತು 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಹೋಗಿ ಕೆಳಗಿಳಿಯುತ್ತದೆ, ಹೋಗಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಇದು ಗೊತ್ತಿಲ್ಲದವರು "ಹಲೋ? ಕೇಳ್ತಾ ಇದ್ಯಾ?" ಅನ್ನುತ್ತಾರೆ, ಅಷ್ಟರಲ್ಲಿ ಅವನ ಉತ್ತರ ಬರುತ್ತದೆ, ಇಬ್ಬರ ಮಾತೂ ಮೇಲೆ ಮೇಲೆ ಬಿದ್ದು ನಿಮಿಷ ಮುಗಿಯುತ್ತದೆ. ಒಂದು ವಾಕ್ಯ ಹೇಳಿ, ಒಂದು ಉಸಿರು ನಿಲ್ಲಿ, ಅವನು ಮುಗಿಸಿದ ಮೇಲೆ ಮತ್ತೆ ಒಂದು ಉಸಿರು ಬಿಟ್ಟು ಮಾತಾಡಿ.

ಗುರುತಿಲ್ಲದ ನಂಬರಿಂದ ಕಾಲ್ ಬರುತ್ತದೆ. ಸ್ಪ್ಯಾಮ್ ತಡೆಯುವ ಸೆಟ್ಟಿಂಗ್ ಹಾಕಿಟ್ಟಿದ್ದರೆ ತೆಗೆದಿಡಿ. ಅವನಿಗೆ ಸರದಿ ಸಿಗುವುದೇ ಅಪರೂಪ, ನಿಮ್ಮ ಫೋನ್ ಅದನ್ನು ಕತ್ತರಿಸಿದರೆ ಮತ್ತೆ ಎಷ್ಟು ದಿನಕ್ಕೋ.

ಮಾಜಾಳಿ

ಆ ಸರದಿ ಗೆಳೆಯರಿಗೆ ಸಿಗೂದಿಲ್ಲ, ಸಿಗಲೂಬಾರದು. ಐದು ನಿಮಿಷ ಸಿಕ್ಕರೆ ಅದು ಅವನ ಅಮ್ಮನಿಗೆ, ಹೆಂಡತಿಗೆ. ಹದಿನಾಲ್ಕು ಜನರಲ್ಲಿ ಒಬ್ಬರನ್ನು ಕೊಂಡಿ ಅಂತ ಇಟ್ಟುಕೊಳ್ಳಿ. ಅವರು ಮನೆಯವರ ಹತ್ತಿರ ವಿಷಯ ಕೇಳಿ ಉಳಿದವರಿಗೆ ಮುಟ್ಟಿಸಲಿ. ಹದಿನಾಲ್ಕೂ ಮಂದಿ ದಿನಾ ಅವರ ಮನೆಗೆ ಫೋನ್ ಮಾಡಿ "ಏನಾದ್ರೂ ಗೊತ್ತಾಯ್ತಾ" ಅಂದರೆ ಅವರಿಗೆ ಧೈರ್ಯ ಬರೂದಿಲ್ಲ, ಇದ್ದ ಧೈರ್ಯವೂ ಹೋಗ್ತದೆ.

ಗಂಗಾವಳಿ

ಇದು ನೂರಕ್ಕೆ ನೂರು ಸರಿ.

ಬೇಲೆಕೇರಿ ದಂಡೆ

ಕೊಂಡಿ ಯೋಚನೆ ಚೆನ್ನಾಗಿದೆ. ಟಪಾಲಿನವರೇ, ಇನ್‌ಲ್ಯಾಂಡ್ (ಮಡಿಸಿ ಅಂಟಿಸುವ ಅಂಚೆ ಕಾಗದ) ಒಳ್ಳೆಯದಾ, ಲಕೋಟೆನಾ, ಸ್ಪೀಡ್ ಪೋಸ್ಟಾ?

ಟಪಾಲು ಚೀಲ

ವಾರಕ್ಕೊಂದು ಇನ್‌ಲ್ಯಾಂಡ್, ಎರಡೂವರೆ ರೂಪಾಯಿ. ಕಾರ್ಡು 50 ಪೈಸೆ, ಆದರೆ ಎಲ್ಲರೂ ಓದಬಹುದು. ಫೋಟೋ ಇಡುವುದಾದರೆ 5 ರೂಪಾಯಿ ಲಕೋಟೆ, 20 ಗ್ರಾಂ ತನಕ. ಇನ್‌ಲ್ಯಾಂಡ್ ಒಳಗೆ ಫೋಟೋ, ರಾಖಿ, ಪ್ರಸಾದದ ಚೀಟಿ ಏನನ್ನೂ ಇಡುವ ಹಾಗಿಲ್ಲ. ಇಟ್ಟರೆ ಅದನ್ನು ದರ ಕಡಿಮೆ ಬಿದ್ದ ಲಕೋಟೆ ಅಂತ ಹಿಡಿದು ದಂಡ ಹಾಕುತ್ತಾರೆ, ಆ ದಂಡ ಕಟ್ಟಬೇಕಾದವನು ಅವನು.

ನಮ್ಮ ಮಳೆಗಾಲಕ್ಕೆ ಮೂರು ಮಾತು. ಇನ್‌ಲ್ಯಾಂಡ್ ಹತ್ತು ಹದಿನೈದು ಒಟ್ಟಿಗೆ ತಂದಿಟ್ಟರೆ ತೇವಕ್ಕೆ ಗೋಂದು ತನ್ನಷ್ಟಕ್ಕೆ ಅಂಟಿಕೊಂಡು ತೆರೆಯುವಾಗ ಹರಿಯುತ್ತದೆ. ಮಡಿಕೆಗಳ ನಡುವೆ ಬಟರ್ ಪೇಪರ್ ತುಂಡು ಇಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ವಿಳಾಸ ಬಾಲ್‌ಪೆನ್ನಲ್ಲೇ ಬರೆಯಿರಿ. ಜೆಲ್ ಪೆನ್, ಸ್ಕೆಚ್ ಪೆನ್ ಒಂದು ಹನಿ ಬಿದ್ದರೆ ಹರಡಿ 3 ಯಾವುದು 8 ಯಾವುದು ತಿಳಿಯುವುದಿಲ್ಲ. ವಿಳಾಸದ ಮೇಲೆ ಪಾರದರ್ಶಕ ಟೇಪ್ ಹಚ್ಚಬಹುದು, ಅಂಚೆಚೀಟಿಯ ಮೇಲೆ ಹಚ್ಚಬೇಡಿ, ಟೇಪಿನ ಮೇಲೆ ಮೊಹರಿನ ಶಾಯಿ ನಿಲ್ಲುವುದಿಲ್ಲ.

ಸ್ಪೀಡ್ ಪೋಸ್ಟ್ ದಾಖಲೆಗೆ, ಪಾರ್ಸೆಲ್‌ಗೆ. ರಿಜಿಸ್ಟರ್ಡ್ ಪೋಸ್ಟ್ ಅಂತ ಬೇರೆ ಕೇಳಬೇಡಿ, 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಲ್ಲೇ ಸೇರಿದೆ. ಈಗ ಸ್ಪೀಡ್ ಪೋಸ್ಟಿಗೆ ಒಟಿಪಿ ತೋರಿಸಿ ಪಡೆಯುವ ಹೆಚ್ಚುವರಿ ಸೇವೆ ಇದೆ. ಕೌಂಟರಿನಲ್ಲಿ ಕೇಳಿದರೆ ಬೇಡ ಅನ್ನಿ. ಫೋನ್ ಇಲ್ಲದವನ ಫೋನಿಗೆ ಒಟಿಪಿ ಹೋಗಿ ಪ್ರಯೋಜನ ಇಲ್ಲ. ಟ್ರ್ಯಾಕಿಂಗ್ ಬೇಸ್ ಆಫೀಸಿನ ತನಕ ತೋರಿಸಿ ನಿಂತರೆ ಕಳೆದುಹೋಯ್ತು ಅಂತ ತಿಳಿಯಬೇಡಿ. ಅಲ್ಲಿಂದ ಮುಂದೆ ಅದು ಸೇನೆಯ ಅಂಚೆ. ಫೀಲ್ಡ್ ಪೋಸ್ಟ್ ಆಫೀಸಿಗೆ ಹೋಗಿ, ಯೂನಿಟ್‌ನ ಪೋಸ್ಟ್ ಆರ್ಡರ್ಲಿ ಚೀಲ ತಂದು, ಅಲ್ಲಿಂದ ಮೇಲಿನ ಚೌಕಿಗೆ ರೇಷನ್ ಹೋಗುವಾಗ ಜೊತೆಗೆ ಹೋಗುತ್ತದೆ.

ಖಾಸಗಿ ಕೊರಿಯರ್ 56 ಎಪಿಒಗೆ ಹೋಗುವುದಿಲ್ಲ. ಅಂಚೆ ಒಂದೇ ದಾರಿ.

ಯಲ್ಲಾಪುರ ಘಟ್ಟ

ದಿನದ ಲೆಕ್ಕ ಹಾಕುವಾಗ ನಮ್ಮ ರಸ್ತೆಯನ್ನೂ ಹಿಡಿಯಿರಿ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಎಷ್ಟು ದಿನ ಬಂದ್ ಇತ್ತು ನೆನಪಿದೆಯಲ್ಲ. ಆ ತುದಿಯಲ್ಲಿ ಹಿಮ, ಈ ತುದಿಯಲ್ಲಿ ಮಳೆ. ಚೌತಿಗೆ ಮುಟ್ಟಬೇಕಾದ್ದನ್ನು ಆಷಾಢದಲ್ಲೇ ಹಾಕಿ.

ಟಪಾಲು ಚೀಲ

ಹೌದು. ಅದಕ್ಕೇ ಪ್ರತಿ ಕಾಗದಕ್ಕೂ ಮೇಲೆ ಬಲಗಡೆ ಕ್ರಮಸಂಖ್ಯೆ ಹಾಕಿ: 1, 2, 3. ಜೊತೆಗೆ ತಾರೀಖು. ಕಾಗದ ಬರೆದ ಕ್ರಮದಲ್ಲಿ ಮುಟ್ಟುವುದಿಲ್ಲ, ನಾಲ್ಕು ಒಟ್ಟಿಗೆ ಬರಬಹುದು, 7 ಮೊದಲು ಬಂದು 5 ಆಮೇಲೆ ಬರಬಹುದು. "ಈಗ ಅವನಿಗೆ ಆರಾಮ" ಅಂತ ಮೊದಲು ಓದಿ, ಆಮೇಲೆ "ಆಸ್ಪತ್ರೆಗೆ ಸೇರಿಸಿದೆವು" ಅಂತ ಓದಿದವನ ಪಾಡು ಯೋಚಿಸಿ. ಸಂಖ್ಯೆ ಇದ್ದರೆ ಜೋಡಿಸಿಕೊಂಡು ಓದುತ್ತಾನೆ. ನಿಮ್ಮಲ್ಲೂ ಒಂದು ಪುಸ್ತಕ ಇರಲಿ: ಸಂಖ್ಯೆ, ಬರೆದವರು, ತಾರೀಖು, ಮುಖ್ಯ ವಿಷಯ ಒಂದು ಸಾಲು. ಅವನು "3 ಬರಲಿಲ್ಲ" ಅಂದರೆ ಅದರಲ್ಲಿದ್ದದ್ದನ್ನು ಮತ್ತೆ ಬರೆಯಬಹುದು.

ಅಂಚೆಚೀಟಿ ಪೆಟ್ಟಿಗೆ

ಈ ಪದ್ಧತಿ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾ ಗಡಿಯಿಂದ ಬಂದ ಲಕೋಟೆಗಳಲ್ಲಿ ಊರಿನ ಹೆಸರಿರುವುದಿಲ್ಲ, ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್ ಮಾತ್ರ, ಪಕ್ಕದಲ್ಲಿ ಸೆನ್ಸಾರ್ ಪಾಸ್ ಮಾಡಿದ ಮೊಹರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು (1862ರಲ್ಲಿ ಮದ್ರಾಸಿನಿಂದ ಸೇರಿದ್ದು), ಹಾಗಾಗಿ ವಿಳಾಸ "ಕಾರವಾರ, ನಾರ್ತ್ ಕೆನರಾ". ಕಾಗದ ಒಡೆದು ಓದಿ, ಬೇಡದ ಸಾಲು ಕತ್ತರಿಸಿಯೋ ಮಸಿ ಬಳಿದೋ ಕಳಿಸುತ್ತಿದ್ದರು. ಊರು, ಹವೆ, ರೈಲು ಹತ್ತಿದ ದಿನ ಎಲ್ಲ ಹೋಗುತ್ತಿತ್ತು.

ಸೇನೆಯ ಅಂಚೆ ಸ್ವತಂತ್ರ ದಳವಾದದ್ದು 1972ರ ಮಾರ್ಚ್ 1ಕ್ಕೆ. ಅದೇ ವರ್ಷ ಆಗಸ್ಟ್ 15ಕ್ಕೆ ದೇಶಕ್ಕೆ ಪಿನ್ ಬಂತು, ಮೊದಲ ಅಂಕಿ 9 ಸೇನೆಗೆ ಮೀಸಲಾಯಿತು.

ಕಾರವಾರದವರು ನೆನಪಿಡಬೇಕಾದ ಹೆಸರು ಚೆಂಡಿಯಾದ ರಾಮ ರಾಘೋಬಾ ರಾಣೆ. 1940ರಲ್ಲಿ ಬಾಂಬೆ ಇಂಜಿನಿಯರ್ಸ್ ಸೇರಿ ಬರ್ಮಾ ಗಡಿಯಲ್ಲಿ ಹೋರಾಡಿದವರು. 1948ರ ಏಪ್ರಿಲಲ್ಲಿ ನೌಶೇರಾ ರಜೌರಿ ದಾರಿಯ ಮೈನ್‌ಗಳನ್ನು ಗುಂಡಿನ ನಡುವೆ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿದರು. ಟ್ಯಾಂಕಿನಡಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಟ್ಟರಂತೆ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು.

ಕಾಳಿ ಸಂಗಮ

ಕಾರವಾರ ಕಡಲತೀರದಲ್ಲಿ ಅವರ ಪ್ರತಿಮೆ ಇದೆ, ಪಕ್ಕದಲ್ಲೇ 1971ರ ಯುದ್ಧದಲ್ಲಿ ಕರಾಚಿಗೆ ಹೋದ ಐಎನ್‌ಎಸ್ ಚಪಲ್.

ಅಂಚೆಚೀಟಿ ಪೆಟ್ಟಿಗೆ

ಚಪಲ್ ಬಗ್ಗೆ ಒಂದು ತಿದ್ದುಪಡಿ. ಅದು ನೌಕಾಪಡೆಗೆ ಸೇರಿದ್ದು 1976ರಲ್ಲಿ. 1971ರಲ್ಲಿ ಕರಾಚಿ ಮೇಲೆ ಹೋದವು ಅದೇ ಜಾತಿಯ, ಮೊದಲಿನ ತಂಡದ ದೋಣಿಗಳು: ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್.

ಕಾಳಿ ಸಂಗಮ

ಸರಿ, ಒಪ್ಪಿದೆ. ಎಲ್ಲರೂ ಹಾಗೇ ಹೇಳೂದು ಕೇಳಿ ಬರೆದೆ.

ಈಗ "ಏನು ಬರೆಯಬಾರದು" ಅನ್ನುವುದಕ್ಕೆ ಬರುತ್ತೇನೆ, ನಮ್ಮ ತೀರದವರಿಗೆ ಇದು ಬೇರೆಯವರಿಗಿಂತ ಹೆಚ್ಚು ಬೇಕು. ಕಾರವಾರದ ಹತ್ತಿರ ಅರ್ಗಾದಲ್ಲಿ ನೌಕಾನೆಲೆ ಇದೆ, ದಂಡೆಯಲ್ಲಿ ನಿಂತರೆ ಹಡಗು ಕಾಣುತ್ತದೆ. "ಇವತ್ತು ಬೆಳಿಗ್ಗೆ ದೊಡ್ಡದು ಹೊರಟಿತು, ಹಿಂದೆ ಎರಡು ಸಣ್ಣವು" ಅಂತ ಗೆಳೆಯನಿಗೆ ಬರೆಯುವುದು ಪ್ರೀತಿಯಿಂದಲೇ ಇರಬಹುದು. ಅದೇ ಸಾಲು ಬೇರೆಯವರ ಕೈಗೆ ಹೋದರೆ ಸುದ್ದಿ. ಹಡಗು, ವಾಹನ ಸಾಲು, ರಜೆ ರದ್ದಾದದ್ದು, ಯಾರು ಯಾವಾಗ ಯಾವ ರೈಲಿಗೆ ಹೊರಟರು, ಇವು ಕಾಗದದಲ್ಲೂ ಬೇಡ, ಸ್ಟೇಟಸ್‌ನಲ್ಲೂ ಬೇಡ.

ಎರಡನೆಯದು ಗೆಳೆಯರ ಮೂಲಕ ಬರುವ ಬಲೆ. ಕಾರವಾರ ನೆಲೆಯ ಮಾಹಿತಿ ಸೋರಿಕೆ ಆರೋಪದಲ್ಲಿ 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಫೇಸ್‌ಬುಕ್‌ನಲ್ಲಿ ಪರಿಚಯ ಮಾಡಿಕೊಂಡು ಬಲೆಗೆ ಹಾಕಿದ್ದು ಎಂದು ತನಿಖೆಯವರೇ ಹೇಳಿದ್ದಾರೆ. ಸೈನಿಕನ ಹತ್ತಿರ ಹೋಗಲಾಗದವರು ಅವನ ಊರಿನ ಗೆಳೆಯರ ಹತ್ತಿರ ಬರುತ್ತಾರೆ. ಗುರುತಿಲ್ಲದವರು ನಿಮ್ಮ ಪೋಸ್ಟಿಗೆ "ನಿಮ್ಮ ಫ್ರೆಂಡ್ ಆರ್ಮಿನಾ? ಎಲ್ಲಿದ್ದಾರೆ?" ಅಂತ ಕೇಳಿದರೆ ಉತ್ತರ ಕೊಡಬೇಡಿ, ಬ್ಲಾಕ್ ಮಾಡಿ, ಸ್ಕ್ರೀನ್‌ಶಾಟ್ ಪೊಲೀಸರಿಗೆ ಕೊಡಿ.

ಕುಮಟೆ ಕಂಬಿ

ಅವನನ್ನು ಟ್ಯಾಗ್ ಮಾಡುವುದನ್ನೂ ನಿಲ್ಲಿಸಿ. 2020ರ ಜುಲೈನಲ್ಲೇ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟ್ರೂಕಾಲರ್ ಸೇರಿ 89 ಆ್ಯಪ್ ತೆಗೆಯಲು ತನ್ನವರಿಗೆ ಹೇಳಿತ್ತು. ನೌಕಾಪಡೆ 2019ರ ಡಿಸೆಂಬರ್‌ನಲ್ಲಿ ಹಡಗು, ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತ್ತು. ನೀವು ಹಳೇ ಫೋಟೋಗೆ ಟ್ಯಾಗ್ ಹಾಕಿದರೆ ವಿಚಾರಣೆಯಲ್ಲಿ ಉತ್ತರ ಹೇಳಬೇಕಾದವನು ಅವನು.

ಅವನು ಕಳಿಸಿದ ಫೋಟೋ ನಿಮ್ಮ ಫೋನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದರೆ ಸ್ಥಳದ ಮಾಹಿತಿ ಅಳಿದಿರುತ್ತದೆ, ಡಾಕ್ಯುಮೆಂಟ್ ಆಗಿ ಬಂದರೆ ಒಳಗೇ ಉಳಿದಿರುತ್ತದೆ. ಅದು ಅಳಿದರೂ ಹಿಂದಿನ ಬೆಟ್ಟದ ಸಾಲು ನೋಡಿ ಜಾಗ ಹುಡುಕುವವರಿದ್ದಾರೆ.

ಹಪ್ಪಳದ ಕಟ್ಟು

ಎಲ್ಲರೂ ಏನು ಬರೆಯಬಾರದು ಅಂತ ಹೇಳಿದಿರಿ, ಏನು ಬರೆಯಬೇಕು ಅಂತ ಯಾರೂ ಹೇಳಲಿಲ್ಲ.

ಹುಡುಗರಿಗೆ ತಿಳಿಯದಿರುವುದು ಅದೇ. "ಕ್ಷೇಮ, ನೀನೂ ಕ್ಷೇಮ ಎಂದು ನಂಬಿದ್ದೇವೆ, ಜೈ ಹಿಂದ್" ಅಂತ ಮೂರು ಸಾಲು ಬರೆದರೆ ಅವನು ಎರಡನೇ ಸಲ ಓದುವುದಿಲ್ಲ. ಹಿಂದಿನವರು ಉಭಯ ಕುಶಲೋಪರಿ ಸಾಂಪ್ರತ ಅಂತ ಒಂದೇ ಸಾಲಲ್ಲಿ ಕ್ಷೇಮ ಮುಗಿಸಿ ಸೀದಾ ಊರಿನ ವಿಷಯಕ್ಕೆ ಬರುತ್ತಿದ್ದರು. ಹಾಗೆ ಬರೆಯಿರಿ. ಬಂಡಿಹಬ್ಬಕ್ಕೆ ಯಾರು ಬಂದರು, ಯಾರ ದೋಣಿಗೆ ಬಂಗುಡೆ ಬಿತ್ತು, ಬುಟ್ಟಿಗೆ ಎಷ್ಟಕ್ಕೆ ಹೋಯಿತು. ಯಾವ ಮೇಳದ ಆಟ ಎಲ್ಲಾಯಿತು, ಭಾಗವತರು ಯಾರು, ಚಂಡೆ ಹೇಗಿತ್ತು. ಶಾಲೆ ಹಿಂದಿನ ಮಾವಿನ ಮರ ಗಾಳಿಗೆ ಬಿತ್ತಾ, ಇನ್ನೂ ಇದೆಯಾ. ಅಡಿಕೆ ಧಾರಣೆ. ಹದಿನಾಲ್ಕು ಜನರೂ ಒಂದೇ ಕಾಗದದಲ್ಲಿ ಎರಡೆರಡು ಸಾಲು ಬರೆಯಬಹುದು, ಒಬ್ಬೊಬ್ಬರ ಅಕ್ಷರ ಅವನಿಗೆ ಗುರುತು ಸಿಗುತ್ತದೆ. ವಾಟ್ಸಾಪಿನಲ್ಲಿ ಅದೆಲ್ಲಿಂದ ಬರಬೇಕು.

"ಅಲ್ಲಿ ಹೇಗಿದೆ, ಗುಂಡು ಹಾರ್ತಾ ಇದೆಯಾ" ಅಂತ ಕೇಳಬೇಡಿ. ಅವನು ಉತ್ತರ ಬರೆಯುವ ಹಾಗಿಲ್ಲ, ಸುಳ್ಳು ಬರೆಯಬೇಕಾಗುತ್ತದೆ.

ಬೇಲೆಕೇರಿ ದಂಡೆ

ಅಕ್ಕಾ, ಇದು ಬಹಳ ಉಪಯೋಗಕ್ಕೆ ಬಂತು. ತಿಂಡಿ ಬಗ್ಗೆಯೂ ಹೇಳಿ. ಉಪ್ಪಿನಕಾಯಿ ಕೇಳಿದ್ದಾನೆ. ಒಣ ಶೆಟ್ಲಿ (ಸಿಗಡಿ), ಕೊಬ್ಬರಿ ಲಾಡು ಕಳಿಸೋಣ ಅಂತ ಇಲ್ಲಿಯ ಹುಡುಗರು.

ಹಪ್ಪಳದ ಕಟ್ಟು

ಅಪ್ಪೆಮಿಡಿ ಉಪ್ಪಿನಕಾಯಿ ಬೇಡ. ದ್ರವ ಅಂತ ಅಂಚೆಯಲ್ಲಿ ಬೇಡ ಅನ್ನಬಹುದು, ತೆಗೆದುಕೊಂಡರೂ ಸೋರುತ್ತದೆ. ಲೇಹ್ ಎತ್ತರ ಸುಮಾರು 3,500 ಮೀಟರ್, ಅಲ್ಲಿ ಗಾಳಿಯ ಒತ್ತಡ ನಮ್ಮ ಕಡಲ ದಂಡೆಯ ಮೂರರಲ್ಲಿ ಎರಡು ಪಾಲು. ಇಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬಿಯ ಒಳಗಿನ ಗಾಳಿ ಅಲ್ಲಿ ಉಬ್ಬಿ ಮುಚ್ಚಳ ಎತ್ತುತ್ತದೆ, ಉಪ್ಪುನೀರು ಹೊರಗೆ. ಆ ಚೀಲದಲ್ಲಿ ಇನ್ನೊಬ್ಬರ ಕಾಗದಗಳೂ ಇರುತ್ತವೆ. ಜೋನಿ ಬೆಲ್ಲಕ್ಕೂ ಇದೇ ಮಾತು, ಬೇಕಿದ್ದರೆ ಅಚ್ಚು ಬೆಲ್ಲ ಕಳಿಸಿ. ಬಾಳೆಕಾಯಿ ಚಿಪ್ಸ್ ಪೊಟ್ಟಣವೂ ಉಬ್ಬಿ ಒಡೆಯುತ್ತದೆ, ಹಾಗಾಗಿ ಸೀಲ್ ಮಾಡುವ ಮೊದಲು ಒತ್ತಿ ಗಾಳಿ ತೆಗೆಯಿರಿ.

ಹಲಸಿನ ಹಪ್ಪಳ ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯ ಬಿಸಿಲಲ್ಲಿ ಒಣಗಿದ್ದೇ ಆಗಬೇಕು, ಮುರಿದರೆ ಟಕ್ ಅನ್ನಬೇಕು. ಬಗ್ಗಿದರೆ ಒಳಗೆ ತೇವ ಇದೆ, ದಾರಿಯಲ್ಲಿ ಬೂಸಲು ಬರುತ್ತದೆ. 25ರ ಕಟ್ಟು ಮಾಡಿ, ಮೇಲೂ ಕೆಳಗೂ ಅದೇ ಅಳತೆಯ ರಟ್ಟು ಇಟ್ಟು ದಾರ ಸುತ್ತಿ. ಎಣ್ಣೆ ಬೇಕೆಂದಿಲ್ಲ, ಕೆಂಡದ ಮೇಲೋ ಬುಖಾರಿಯ (ಚಳಿ ಕಾಯಿಸುವ ಒಲೆ) ಮೇಲೋ ಸುಟ್ಟು ತಿನ್ನಬಹುದು. ಶಿರಸಿ ಕಡೆಯವರು ತೊಡೆದೇವು ಹೇಳುತ್ತಾರೆ, ರುಚಿಗೆ ಸರಿ, ಆದರೆ ಕಾಗದದಷ್ಟು ತೆಳು, ಮುಟ್ಟುವಾಗ ಪುಡಿ. ಅಂಕೋಲೆಯ ಗೋಡಂಬಿ ಕಳಿಸಿ. ಅರ್ಧ ಕಿಲೋದ ವ್ಯಾಕ್ಯೂಮ್ ಪೊಟ್ಟಣ ಎರಡು, ಒಂದು ಕಿಲೋದ್ದು ಒಂದಲ್ಲ, ತೆರೆದಿಟ್ಟರೆ ಕಮಟಾಗುತ್ತದೆ. ಮುರುಗಲ ಸಿಪ್ಪೆ ಒಣಗಿದ್ದು ಕಾಲು ಕಿಲೋ ಹಾಕಿ. ದಾಲಿಗೆ ಎರಡು ಎಸಳು ಬಿದ್ದರೆ ಊರಿನ ಸಾರು ಆಗುತ್ತದೆ.

ಮಾಜಾಳಿ

ಒಣ ಶೆಟ್ಲಿ ಯಾಕೆ ಬೇಡ? ಮೀನು ತಿನ್ನೂ ಹುಡುಗನಿಗೆ ಗೋಡಂಬಿ ಯಾವ ಮೂಲೆಗೆ?

ಟಪಾಲು ಚೀಲ

ವಾಸನೆ ಮಾರಾಯ್ರೆ. ಇಡೀ ಚೀಲಕ್ಕೆ ಹತ್ತುತ್ತದೆ, ಕೌಂಟರಿನಲ್ಲೇ ಬೇಡ ಅನ್ನುತ್ತಾರೆ.

ಹಪ್ಪಳದ ಕಟ್ಟು

ಒಂದು ದಾರಿ ಇದೆ. ಶೆಟ್ಲಿ ಹುರಿದು, ಮೆಣಸು, ಬೆಳ್ಳುಳ್ಳಿ, ಹುಣಸೆ ಸೇರಿಸಿ ಎಣ್ಣೆ ಹಾಕದೆ ಚಟ್ನಿಪುಡಿ ಮಾಡಿ. ಪೂರ್ತಿ ಆರಿದ ಮೇಲೆ ಎರಡು ಪದರ ಪೊಟ್ಟಣದಲ್ಲಿ ಸೀಲ್ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿ. 200 ಗ್ರಾಂ ಸಾಕು. ಕಾಯಿ ಹಾಕಬೇಡಿ, ಹಳಸುತ್ತದೆ.

ಕುಮಟೆ ಕಂಬಿ

ಕೊಬ್ಬರಿ ಬಿಡಿ. ಒಣ ಕೊಬ್ಬರಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಅಂತ ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ, ವಿಶ್ವಸಂಸ್ಥೆಯ ಸಂಖ್ಯೆ 1363. ಆ ಕಡೆಗೆ ಅಂಚೆ ಹೋಗುವುದು ಹೆಚ್ಚಾಗಿ ವಿಮಾನದಲ್ಲೇ. ಪವರ್ ಬ್ಯಾಂಕ್, ಲೈಟರ್, ಬೆಂಕಿಪೆಟ್ಟಿಗೆ, ಸೆಂಟ್ ಕೂಡ ಬೇಡ. ಒಂದು ವಸ್ತು ಸಿಕ್ಕಿದರೆ ಇಡೀ ಪಾರ್ಸೆಲ್ ನಿಲ್ಲುತ್ತದೆ. ಯಕ್ಷಗಾನ ತುಂಬಿ ಪೆನ್‌ಡ್ರೈವ್ ಕಳಿಸುವ ಯೋಚನೆ ಇದ್ದರೆ ಅದೂ ಬೇಡ, ಯೂನಿಟ್‌ನಲ್ಲಿ ಪೆನ್‌ಡ್ರೈವ್ ಇಟ್ಟುಕೊಳ್ಳುವುದೇ ಅವನಿಗೆ ತೊಂದರೆ.

ಯಲ್ಲಾಪುರ ಘಟ್ಟ

ಶಿರಸಿ ಜಾತ್ರೆ ಬೆಂಡು ಬತ್ತಾಸು?

ಹಪ್ಪಳದ ಕಟ್ಟು

ಬತ್ತಾಸು ನಡೆಯುತ್ತದೆ. ತೇವ ತಾಗದಂತೆ ಸೀಲ್ ಮಾಡಿ, ಅಲ್ಲಿಯ ಒಣಹವೆಯಲ್ಲಿ ಇಲ್ಲಿಗಿಂತ ಚೆನ್ನಾಗಿ ಉಳಿಯುತ್ತದೆ.

ಟಪಾಲು ಚೀಲ

ಒಟ್ಟು ತೂಕ ಎರಡು ಕಿಲೋ ಒಳಗೆ ಇರಲಿ. ಕೊನೆಯ ಹಂತದಲ್ಲಿ ಅದನ್ನು ಬೆನ್ನ ಮೇಲೆ ಹೊತ್ತು ಮೇಲೇರಿಸುವವನು ಒಬ್ಬ ಮನುಷ್ಯ. ದೊಡ್ಡದೊಂದರ ಬದಲು ಸಣ್ಣವು ಎರಡು, ಹದಿನೈದು ದಿನ ಬಿಟ್ಟು. ವಿಳಾಸ ಹೊರಗೆ ಒಂದು, ಡಬ್ಬಿಯ ಒಳಗೆ ಚೀಟಿಯಲ್ಲಿ ಇನ್ನೊಂದು. ಹೊರಗಿನದು ಹರಿದರೆ ಒಳಗಿನದು ನೋಡಿ ಮುಟ್ಟಿಸುತ್ತಾರೆ. ಸಂದಿಗಳಿಗೆ ಥರ್ಮಾಕೋಲ್ ಬೇಡ, ಹೋದ ವಾರದ ಕನ್ನಡ ಪತ್ರಿಕೆಯ ಜಿಲ್ಲಾ ಪುಟಗಳನ್ನು ಉಂಡೆ ಮಾಡಿ ತುಂಬಿ. ಅವನು ಬಿಡಿಸಿ, ಸುಕ್ಕು ನೀವಿ, ಒಂದೊಂದೇ ಓದುತ್ತಾನೆ. ಅಡಿಕೆ ಧಾರಣೆಯಿಂದ ಶ್ರದ್ಧಾಂಜಲಿ ಜಾಹೀರಾತಿನ ತನಕ.

ಗಂಗಾವಳಿ

ತುರ್ತು ವಿಷಯ ಇದ್ದರೆ? ಮನೆಯಲ್ಲಿ ಯಾರಾದರೂ ತೀರಿಕೊಂಡರೆ? ಮೊದಲೆಲ್ಲ ತಾರು ಕೊಡ್ತಿದ್ದರು.

ಹಳೇ ಕಂದೀಲು

ತಾರು 2013ರ ಜುಲೈನಲ್ಲೇ ನಿಂತಿತು. ಈಗ ಮನೆಯವರ ಹತ್ತಿರ ಯೂನಿಟ್‌ನ ಒಂದು ಫೋನ್ ನಂಬರ್, ಅವನ ರೆಕಾರ್ಡ್ ಆಫೀಸಿನ (ಸೇವಾ ದಾಖಲೆ ಇಡುವ ಕಚೇರಿ) ನಂಬರ್ ಇರಲೇಬೇಕು. ರಜೆಯಲ್ಲಿ ಬಂದಾಗ ಬರೆಸಿಕೊಂಡು ಗೋಡೆಗೆ ಅಂಟಿಸಿಡಿ. ಹೇಳುವಾಗ ಸೇವಾ ಸಂಖ್ಯೆ ಮೊದಲು, ಆಮೇಲೆ ಹೆಸರು, ಒಂದೇ ಹೆಸರಿನವರು ಹತ್ತು ಜನ ಇರ್ತಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರೂ ಸಹಾಯ ಮಾಡ್ತಾರೆ. ಆ ಕರೆ ಮಾಡಬೇಕಾದವರು ಮನೆಯವರು. ನೀವು ಪಕ್ಕದಲ್ಲಿ ನಿಂತು ನಂಬರ್ ಒತ್ತಿಕೊಡಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹದಿನಾಲ್ಕೂ ಜನರಿಗೆ ಓದಿ ಹೇಳಿ. ಯುದ್ಧ ಶುರುವಾದರೆ ಟಿವಿ, ವಾಟ್ಸಾಪ್ ತುಂಬ ಹೆಸರುಗಳು ಬರ್ತವೆ. 2025ರ ಏಪ್ರಿಲ್ 26ಕ್ಕೆ ವಾರ್ತಾ ಸಚಿವಾಲಯ ಸೇನೆಯ ಚಲನವಲನ ನೇರ ಪ್ರಸಾರ ಮಾಡಬೇಡಿ ಅಂತ ಚಾನೆಲ್‌ಗಳಿಗೆ ಹೇಳಬೇಕಾಯ್ತು, ಮೇ 9ಕ್ಕೆ ರಕ್ಷಣಾ ಸಚಿವಾಲಯವೂ ಅದನ್ನೇ ಹೇಳಬೇಕಾಯ್ತು. ಅಂಥದ್ದರಲ್ಲಿ ಯಾರೋ ಒಬ್ಬರು ನಿಮ್ಮ ಗೆಳೆಯನ ಹೆಸರನ್ನೇ ಹೋಲುವ ಹೆಸರಿಗೆ ದೀಪದ ಚಿತ್ರ ಹಾಕಿ ಕಳಿಸ್ತಾರೆ. ಮುಂದೆ ಕಳಿಸಬೇಡಿ. ಆ ಸುದ್ದಿ ಸೇನೆಯಿಂದ ಬರೂದು ಅವನು ಕೊಟ್ಟ ಹತ್ತಿರದ ಬಂಧುವಿಗೆ ಮಾತ್ರ, ಮೊದಲು ಅವರಿಗೆ. ಅವರು ಬಾಯಿಬಿಟ್ಟು ಹೇಳುವ ತನಕ ನಿಮ್ಮ ಹತ್ತಿರ ಯಾವ ಸುದ್ದಿಯೂ ಇಲ್ಲ ಅಂತ ತಿಳಿಯಿರಿ.

ಮಾಜಾಳಿ

🙏

ಬೇಲೆಕೇರಿ ದಂಡೆ

ಎಲ್ಲವನ್ನೂ ಬರೆದುಕೊಂಡೆವು. ಕೊಂಡಿ ಯಾರೆಂದು ನಿರ್ಧಾರ ಆಯಿತು, ಅವನ ಮನೆಯ ಪಕ್ಕದವನೇ. ನಂಬರ್ 1ರ ಇನ್‌ಲ್ಯಾಂಡ್ ನಾಳೆ ಹಾಕುತ್ತೇವೆ, ಹದಿನಾಲ್ಕು ಅಕ್ಷರಗಳೂ ಅದರಲ್ಲಿವೆ. ವಿಳಾಸ ಬಾಲ್‌ಪೆನ್ನಲ್ಲಿ. ಒಂದೇ ಪ್ರಶ್ನೆ ಉಳಿದಿದೆ: ಹಪ್ಪಳಕ್ಕೆ ಮೂರು ಪದರದ ರಟ್ಟಿನ ಡಬ್ಬಿ ಸಾಕಾ?

ಹಪ್ಪಳದ ಕಟ್ಟು

ಐದು ಪದರದ್ದು. ಮೂರು ಪದರದ್ದು ಮಳೆಗೆ ಮೆತ್ತಗಾಗುತ್ತದೆ.

ಟಪಾಲು ಚೀಲ

ಸಾಧ್ಯವಾದರೆ ಮೇಲೆ ಬಿಳಿ ಬಟ್ಟೆ ಹೊಲಿಯಿರಿ. ಮಧ್ಯಾಹ್ನ ಚೀಲ ಕಟ್ಟುವ ಮೊದಲು ಕೌಂಟರಿಗೆ ಹೋಗಿ, ಅವತ್ತೇ ಹೊರಡುತ್ತದೆ.